ಗಾಳಿಗಿರಣಿಯ ಗಣಿತಜ್ಞ ಜಾರ್ಜ್ ಗ್ರೀನ್

ವಿದ್ಯುಚ್ಛಕ್ತಿಯ ಪ್ರಸ್ತಾಪ ಬಂದಲ್ಲೆಲ್ಲ ವೋಲ್ಟೇಜಿನ ಮಾತೂ ಬರುತ್ತದೆ. ಎರಡು ಸ್ಥಾನಗಳ ವಿಭವಗಳಿಗಿರುವ ಅಂತರವೇ ವೋಲ್ಟೇಜು. ಈ ವಿಭವಕ್ಕೆ ಪೊಟೆನ್ಷಿಯಲ್ ಎಂದು ಹೆಸರಿಟ್ಟು, ಅದರ ಬಲದಿಂದ ವಿದ್ಯುತ್ತಿನ ಗಣಿತವನ್ನು ಕಟ್ಟಿದವನು ಯಾವ ವಿದ್ಯಾಪೀಠದ ಆಚಾರ್ಯನೂ ಆಗಿರಲಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಮಗ್ಗುಲಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಒಬ್ಬ ಗೃಹಸ್ಥನು.

ಜಾರ್ಜ್ ಗ್ರೀನನು ಹುಟ್ಟಿದ್ದು 1793ನೆಯ ಇಸವಿಯಲ್ಲಿ. ತಂದೆ ರೊಟ್ಟಿ ಸುಡುವ ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿಸಿದ್ದನು. ಎಂಟನೆಯ ವಯಸ್ಸಿನಲ್ಲಿ ಬಾಲಕನನ್ನು ಶಾಲೆಗೆ ಹಾಕಿದರು. ಅಲ್ಲಿ ಓದಿದ್ದು ಒಂದೆರಡು ವರ್ಷ ಮಾತ್ರ. ಬಳಿಕ ತಂದೆಯ ಕಸುಬೇ ಗತಿಯಾಯಿತು. 1807ರಲ್ಲಿ ತಂದೆಯು ಸ್ನೈಂಟನ್ ಎಂಬ ಹಳ್ಳಿಯ ದಿಬ್ಬದ ಮೇಲೆ ಇಟ್ಟಿಗೆಯ ಗೋಪುರವುಳ್ಳ ಗಾಳಿಗಿರಣಿಯನ್ನು ಕಟ್ಟಿಸಿದನು. ಗಾಳಿ ಬೀಸಿದಾಗ ಹೊತ್ತು ಗೊತ್ತಿಲ್ಲದೆ ದುಡಿಯಬೇಕಾದ ಆ ಉದ್ಯೋಗದ ನಡುವೆ ಫ್ರೆಂಚ್ ಗಣಿತಜ್ಞರ ಗ್ರಂಥಗಳನ್ನು ಈತನು ಅರಗಿಸಿಕೊಂಡ ಬಗೆ ಇಂದಿಗೂ ಪೂರ್ಣವಾಗಿ ತಿಳಿಯದು. 1823ರಲ್ಲಿ ಊರಿನ ಚಂದಾ ಪುಸ್ತಕಾಲಯದ ಸದಸ್ಯನಾದನೆಂಬುದೊಂದೇ ನಮಗೆ ದೊರೆತ ಸುಳಿವು.

ಐದು ವರ್ಷಗಳ ತರುವಾಯ, 1828ರಲ್ಲಿ, ವಿದ್ಯುತ್ತು ಮತ್ತು ಅಯಸ್ಕಾಂತಗಳಿಗೆ ಗಣಿತವನ್ನು ಅನ್ವಯಿಸುವ ವಿಷಯದ ಪ್ರಬಂಧವೊಂದನ್ನು ಅವನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದನು. ಬೆಲೆ ಏಳು ಶಿಲ್ಲಿಂಗ್ ಆರು ಪೆನ್ಸ್; ಮುಂಗಡ ಚಂದಾದಾರರು 51 ಜನ. ಅವರಲ್ಲಿ ಬಹುತೇಕರು ನೆರೆಹೊರೆಯ ಸಂಭಾವಿತರು. ಪುಸ್ತಕವನ್ನು ಕೊಂಡು ಗೌರವ ತೋರಿಸಿದರು. ಓದಿ ಅರ್ಥಮಾಡಿಕೊಂಡವರು ಬೆರಳಲ್ಲಿ ಎಣಿಸುವಷ್ಟೂ ಇದ್ದಿರಲಾರರು.

ಆ ಪ್ರಬಂಧದಲ್ಲಿ ಇದ್ದುದೇನು? ಗಿರಣಿಯ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಐವತ್ತು ಕಿಲೋಗ್ರಾಂ ಧಾನ್ಯದ ಚೀಲವನ್ನು ಹತ್ತು ಮೀಟರ್ ಮೇಲಕ್ಕೆ ಎಳೆದರೆ ಸುಮಾರು 4,900 ಜೂಲ್ ಶಕ್ತಿ ಅದರಲ್ಲಿ ಅಡಗಿ ಕೂರುತ್ತದೆ. ಚೀಲವು ಇಳಿಯುವ ಒಂದೊಂದು ಮೀಟರಿಗೂ ಈ ಸಂಚಯ 490 ಜೂಲಿನಷ್ಟು ಕುಗ್ಗುತ್ತದೆ. ಚೀಲವನ್ನು ಕೆಳಕ್ಕೆ ಎಳೆಯುತ್ತಿರುವ ಬಲವೂ, ಎಂದರೆ ಅದರ ತೂಕವೂ, 490 ನ್ಯೂಟನ್ನೇ. ಇದು ಆಕಸ್ಮಿಕವಲ್ಲ. ಸ್ಥಾನ ಬದಲಾದಂತೆ ಅಡಗಿದ ಶಕ್ತಿಯು ಎಷ್ಟು ವೇಗವಾಗಿ ಕುಗ್ಗುವುದೋ ಅಷ್ಟೇ ಬಲ; ಅದು ಕುಗ್ಗುವ ದಿಕ್ಕೇ ಬಲದ ದಿಕ್ಕು. ಗುಡ್ಡ ಕಡಿದಾದಲ್ಲಿ ನೀರು ರಭಸದಿಂದ ಇಳಿಯುತ್ತದೆ, ಬಯಲು ಮಟ್ಟಸವಾದಲ್ಲಿ ನಿಲ್ಲುತ್ತದೆ. ಆದರೆ ಒಂದು ನಿಬಂಧನೆಯುಂಟು. ಮೆಟ್ಟಿಲ ಮೇಲೆ ಹೊತ್ತೊಯ್ದರೂ ಹಗ್ಗದಿಂದ ಎಳೆದರೂ ಗುರುತ್ವದ ವಿರುದ್ಧ ತೆರುವ ಲೆಕ್ಕ ಒಂದೇ ಆಗಿರಬೇಕು. ಘರ್ಷಣೆಯ ಲೆಕ್ಕ ಹಾಗಲ್ಲ. ದಾರಿ ಬಳಸಿದಷ್ಟೂ ನಷ್ಟ ಹೆಚ್ಚು. ಆದುದರಿಂದಲೇ ಘರ್ಷಣೆಯ ಬಲಕ್ಕೆ ಇಂತಹ ಸಂಚಯವೇ ಇಲ್ಲ.

ಬಲಕ್ಕೆ ಪ್ರಮಾಣವೂ ದಿಕ್ಕೂ ಉಂಟು. ನೂರು ವಿದ್ಯುದಂಶಗಳು ನೂರು ಕಡೆಗೆ ಎಳೆಯುತ್ತಿದ್ದರೆ ಅವನ್ನು ಜೋಡಿಸುವುದು ಪಡಿಪಾಟಲು. ವಿಭವವಾದರೋ ಬರಿಯ ಒಂದು ಸಂಖ್ಯೆ. ನೂರನ್ನು ಕೂಡಿಸಿ, ಮೊತ್ತದ ಇಳಿಜಾರನ್ನು ಕಂಡುಕೊಂಡರೆ ಬಲವು ತಾನಾಗಿ ಸಿಗುತ್ತದೆ. ಲೋಹದಲ್ಲಿ ವಿದ್ಯುತ್ತು ಚಲಿಸದೆ ನೆಲೆಸಿದಾಗ ಒಳಗೆಲ್ಲ ವಿಭವ ಸಮನಾಗಿರುತ್ತದೆ. ಇಳಿಜಾರಿಲ್ಲದ ಮೇಲೆ ಒಳಗೆ ಬಲವೂ ಇಲ್ಲ. ನ್ಯಾಯವಾಗಿ ಹೇಳಬೇಕಾದರೆ ಈ ಉಪಾಯವನ್ನು ಲಗ್ರಾಂಜ್, ಲಾಪ್ಲಾಸ್, ಪ್ವಾಸೋಂ ಮೊದಲಾದವರು ಮುಂಚೆಯೇ ಬಳಸಿದ್ದರು. ಗ್ರೀನನು ಅದಕ್ಕೆ ಹೆಸರಿಟ್ಟನು. ಮತ್ತು ಒಂದು ಪ್ರದೇಶದ ಅಂಚಿನಲ್ಲಿರುವ ವಿಭವದಿಂದ ಒಳಗಿನ ಸಂಗತಿಯನ್ನು ಲೆಕ್ಕ ಹಾಕುವ ಪ್ರಮೇಯವನ್ನು ಸಾಧಿಸಿದನು. ಪ್ರಚ್ಛನ್ನ ಶಕ್ತಿಯೆಂದು ನಾವು ಕರೆಯುವುದರ ಇಂಗ್ಲಿಷ್ ಹೆಸರನ್ನು ರ್‍ಯಾಂಕಿನನು 1853ರಲ್ಲಿ ಇಟ್ಟನು. ಆಗ ಗ್ರೀನನು ಬದುಕಿರಲಿಲ್ಲ.

ಚಂದಾದಾರರಲ್ಲೊಬ್ಬನಾದ ಎಡ್ವರ್ಡ್ ಬ್ರಾಂಹೆಡ್ ಎಂಬ ಶ್ರೀಮಂತನಿಗೆ ಮಾತ್ರ ಗಣಿತ ಬರುತ್ತಿದ್ದಿತು. ಮುಂದಿನ ಲೇಖನಗಳನ್ನು ವಿದ್ವತ್‌ಸಭೆಗಳಿಗೆ ತಲುಪಿಸುವುದಾಗಿ ಅವನು ಪತ್ರ ಬರೆದನು. ಇದು ದೊಡ್ಡವರ ಬಾಯುಪಚಾರವೆಂದು ಯಾರೋ ಹೇಳಿದ್ದನ್ನು ನಂಬಿ ಗ್ರೀನನು 1830ರ ಆರಂಭದವರೆಗೆ ಉತ್ತರವನ್ನೇ ಕೊಡಲಿಲ್ಲ. ಮೇಲುವರ್ಗದ ಸಮಾಜದಲ್ಲಿ ಗಿರಣಿಯವನ ಸ್ಥಾನ ಯಾವುದೆಂಬುದನ್ನು ಈ ಮೌನವೇ ಹೇಳುತ್ತದೆ. ಕೊನೆಗೆ ಬ್ರಾಂಹೆಡನ ಪ್ರೋತ್ಸಾಹದಿಂದ 1833ರಲ್ಲಿ, ನಾಲ್ವತ್ತನೆಯ ವಯಸ್ಸಿನಲ್ಲಿ, ಕೇಂಬ್ರಿಜ್ಜಿನ ಕೀಸ್ ಕಾಲೇಜನ್ನು ಸೇರಿ ಹುಡುಗರೊಡನೆ ಪಾಠಕ್ಕೆ ಕುಳಿತನು. 1837ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೆಯವನಾಗಿ ತೇರ್ಗಡೆ ಹೊಂದಿದನು. 1839ರಲ್ಲಿ ಕಾಲೇಜಿನ ಫೆಲೋ ಆದನು. ಫೆಲೋಗಳು ಅವಿವಾಹಿತರಾಗಿರಬೇಕೆಂಬುದು ಅಂದಿನ ಕಟ್ಟಳೆ. ಗಿರಣಿಯ ಮೇಲ್ವಿಚಾರಕನ ಮಗಳಾದ ಜೇನ್ ಸ್ಮಿತ್‌ಳಿಂದ ಅವನಿಗೆ ಏಳು ಮಕ್ಕಳಿದ್ದರೂ ಅವಳನ್ನು ಅವನು ಎಂದೂ ವಿಧಿವತ್ತಾಗಿ ವರಿಸಲಿಲ್ಲ. ಇದಕ್ಕೆ ಕಟ್ಟಳೆಯೊಂದೇ ಕಾರಣವೆಂದು ಹೇಳಲಾಗದು. ಮೊದಲ ಮಕ್ಕಳು ಕೇಂಬ್ರಿಜ್ಜಿಗಿಂತ ಮುಂಚೆಯೇ ಹುಟ್ಟಿದ್ದರು.

ಆರೋಗ್ಯ ಕೆಟ್ಟು ಊರಿಗೆ ಮರಳಿ 1841ರ ಮೇ 31ರಂದು ತೀರಿಕೊಂಡನು. ಅವನ ಭಾವಚಿತ್ರ ಒಂದಾದರೂ ಉಳಿದಿಲ್ಲ.

ಪ್ರಬಂಧವೂ ಅವನೊಡನೆ ಮಣ್ಣು ಸೇರುವುದರಲ್ಲಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಕೀರ್ತಿ ಪಡೆದ ವಿಲಿಯಂ ಥಾಮ್ಸನ್ ಎಂಬ ತರುಣನು ಬೇರೊಬ್ಬರ ಲೇಖನದಲ್ಲಿ ಅದರ ಉಲ್ಲೇಖವನ್ನು ಕಂಡು ಪುಸ್ತಕಕ್ಕಾಗಿ ಹುಡುಕಾಡಿದನು; ಎಲ್ಲಿಯೂ ಸಿಗಲಿಲ್ಲ. 1845ರ ಜನವರಿಯಲ್ಲಿ ಪ್ಯಾರಿಸ್ಸಿಗೆ ಹೊರಡುವ ಮುನ್ನ ತನ್ನ ಗುರು ಹಾಪ್ಕಿನ್ಸನೊಡನೆ ಮಾತನಾಡುತ್ತ ಅದರ ಸುದ್ದಿ ಎತ್ತಿದಾಗ ಗುರುವಿನ ಕೋಣೆಯಲ್ಲಿಯೇ ಪ್ರತಿಗಳು ದೊರೆತವು! ಪ್ಯಾರಿಸ್ಸಿನ ಲಿಯೂವಿಲ್ ಮತ್ತು ಸ್ಟರ್ಮ್ ಎಂಬ ಪಂಡಿತರು ಅದನ್ನು ನೋಡಿ ಬೆರಗಾದರು. ಥಾಮ್ಸನನು ಅದನ್ನು ಜರ್ಮನಿಯ ಕ್ರೆಲೆ ಪತ್ರಿಕೆಯಲ್ಲಿ 1850ರಿಂದ 1854ರವರೆಗೆ ಮೂರು ಕಂತುಗಳಲ್ಲಿ ಮರುಮುದ್ರಣ ಮಾಡಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಪರಮಾಣುವಿನ ಒಳಗನ್ನು ಶೋಧಿಸಿದ ಭೌತವಿಜ್ಞಾನಿಗಳೂ ಗ್ರೀನನ ಫಲನವೆಂಬ ಹೆಸರಿನ ಉಪಕರಣವನ್ನೇ ಹಿಡಿದು ಮುಂದುವರಿದರು.

1993ರಲ್ಲಿ, ಹುಟ್ಟಿ ಇನ್ನೂರು ವರ್ಷವಾದಾಗ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನನ ಸಮಾಧಿಗೆ ಸಮೀಪದಲ್ಲಿ ಗ್ರೀನನ ಹೆಸರಿನ ಫಲಕವನ್ನು ಇರಿಸಿದರು. ಪಾಳುಬಿದ್ದಿದ್ದ ಗಿರಣಿಯನ್ನು ಅದಕ್ಕೂ ಮುಂಚೆ, 1980ರ ದಶಕದಲ್ಲಿ, ನಾಟಿಂಗ್‌ಹ್ಯಾಮಿನವರು ಜೀರ್ಣೋದ್ಧಾರ ಮಾಡಿ ಅದರ ರೆಕ್ಕೆಗಳನ್ನು ಮತ್ತೆ ಗಾಳಿಗೆ ಬಿಚ್ಚಿದ್ದರು.