ದಕ್ಷಿಣ ಸಮುದ್ರದಲ್ಲಿ ಸ್ಟೀವನ್‌ಸನ್

ಆಂಗ್ಲ ಸಾಹಿತ್ಯವನ್ನು ಅಭ್ಯಸಿಸುವವರಿಗೆ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಹೆಸರು ಅಪರಿಚಿತವಲ್ಲ. 1883ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ‘ಟ್ರೆಷರ್ ಐಲೆಂಡ್’ ಅವನಿಗೆ ಕೀರ್ತಿಯನ್ನು ತಂದಿತು. ಆದರೆ ನಿಧಿಯ ದ್ವೀಪವನ್ನು ಕಲ್ಪನೆಯಿಂದ ಸೃಷ್ಟಿಸಿದ ಈ ಲೇಖಕನು, ಐದು ವರ್ಷಗಳ ಅನಂತರ ತಾನೇ ಒಂದು ಹಾಯಿಹಡಗನ್ನು ಬಾಡಿಗೆಗೆ ಹಿಡಿದು ನಿಜವಾದ ದ್ವೀಪಗಳಿಗೆ ಹೊರಟ ವೃತ್ತಾಂತವನ್ನು ಬಲ್ಲವರು ಕಡಿಮೆ.

ಸ್ಟೀವನ್‌ಸನ್ನನು 1850ರ ನವೆಂಬರ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಅವನ ಅಜ್ಜ, ತಂದೆ, ದೊಡ್ಡಪ್ಪಂದಿರು ದೀಪಸ್ತಂಭಗಳನ್ನು ಕಟ್ಟಿ ಹೆಸರಾದ ಇಂಜಿನಿಯರುಗಳು. ಮಗನೂ ಅದೇ ವೃತ್ತಿಯನ್ನು ಹಿಡಿಯಬೇಕೆಂಬುದು ತಂದೆ ಥಾಮಸನ ಆಸೆ. ಮಗನ ಮನಸ್ಸು ಅದಕ್ಕೆ ಒಲಿಯಲಿಲ್ಲ. ತಂದೆಯ ಸಮಾಧಾನಕ್ಕಾಗಿ ಕಾನೂನು ಓದಿ 1875ರಲ್ಲಿ ವಕೀಲನಾದರೂ ಲೇಖನಿಯನ್ನೇ ನಂಬಿದನು. ಹಿರಿಯರ ಆಸೆ ಒಂದು ಕಡೆ, ತನ್ನ ಒಲವು ಇನ್ನೊಂದು ಕಡೆ ಆದಾಗಿನ ಸಂಕಟವು, ಮನೆಗೆ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ತಿಳಿಯದ್ದೇನಲ್ಲ. ಸಾಲದುದಕ್ಕೆ ಬಾಲ್ಯದಿಂದಲೂ ಶ್ವಾಸಕೋಶದ ವ್ಯಾಧಿ ಅವನನ್ನು ಕಾಡುತ್ತಿತ್ತು. ಬರೆಯುವುದು ಬಹುಪಾಲು ಹಾಸಿಗೆಯಲ್ಲಿಯೇ.

1887ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಸ್ಟೀವನ್‌ಸನ್ನನು ಕುಟುಂಬಸಮೇತ ಅಮೆರಿಕಕ್ಕೆ ಹೋಗಿ, ಸಾರನಾಕ್ ಲೇಕ್ ಎಂಬ ಊರಿನಲ್ಲಿ ಚಳಿಗಾಲವನ್ನು ಕಳೆದನು. ಹೊರಗೆ ಹಿಮ ಸುರಿಯುತ್ತಿರಲು ಮನೆಯವರೆಲ್ಲ ನಕ್ಷೆಗಳನ್ನೂ ನೌಕಾಮಾರ್ಗದರ್ಶಿಗಳನ್ನೂ ಹರಡಿಕೊಂಡು ಬೆಚ್ಚಗಿನ ದ್ವೀಪಗಳ ಯಾತ್ರೆಯನ್ನು ಯೋಚಿಸತೊಡಗಿದರು. ಮೆಕ್‌ಕ್ಲೂರ್ ಎಂಬ ಪ್ರಕಾಶಕನು ಪ್ರವಾಸದ ಪತ್ರಗಳಿಗೆ ಹಣ ಕೊಡಲು ಮುಂದೆ ಬಂದನು. ಪತ್ನಿ ಫ್ಯಾನಿ ಮುಂದಾಗಿ ಸಾನ್‌ಫ್ರಾನ್ಸಿಸ್ಕೋಗೆ ಹೋಗಿ ಹಡಗನ್ನು ಹುಡುಕಿ ತಂತಿ ಕಳುಹಿಸಿದಳು. ಅದೇ ‘ಕಾಸ್ಕೊ’: ಸುಮಾರು 95 ಅಡಿ ಉದ್ದದ, ಎರಡು ಕೂವೆಮರಗಳ ವಿಲಾಸನೌಕೆ. ಬಾಡಿಗೆ ತಿಂಗಳಿಗೆ 500 ಡಾಲರು. ಇತರ ಖರ್ಚು ಬೇರೆ. ಮಾಲಿಕನಾದ ಡಾಕ್ಟರ್ ಮೆರಿಟ್ಟನು ಸ್ಟೀವನ್‌ಸನ್ನನನ್ನು ಕಣ್ಣಾರೆ ಕಂಡ ಮೇಲೆಯೇ ಒಪ್ಪಿದನು. ತನ್ನ ಕಪ್ತಾನ ಓಟಿಸನೇ ಹಡಗನ್ನು ನಡೆಸಬೇಕೆಂದೂ ಕರಾರು ಮಾಡಿದನು. ಪಿತ್ರಾರ್ಜಿತದಿಂದ 2000 ಪೌಂಡುಗಳನ್ನು ಸ್ಟೀವನ್‌ಸನ್ನನು ಇದಕ್ಕಾಗಿ ತೆಗೆದಿರಿಸಿದನು.

1888ರ ಜೂನ್ 28ರಂದು ಹಡಗು ಹೊರಟಿತು. ಪತ್ನಿ, ಪತ್ನಿಯ ಮಗ ಲಾಯ್ಡ್, ಅರವತ್ತರ ಸಮೀಪದ ತಾಯಿ, ಮನೆಗೆಲಸದವಳೊಬ್ಬಳು ಜೊತೆಗಿದ್ದರು. ರೋಗಿಯು ದಾರಿಯಲ್ಲೇ ಸಾಯಬಹುದೆಂದು ಕಪ್ತಾನನು ಶವವನ್ನು ಕಡಲಿಗೆ ಒಪ್ಪಿಸುವ ಏರ್ಪಾಟನ್ನೂ ಮಾಡಿಕೊಂಡಿದ್ದನಂತೆ! ಆದರೆ ಕಡಲಗಾಳಿ ರೋಗಿಗೆ ಹಿಡಿಸಿತು. ಮಾರ್ಕ್ವೀಸಸ್ ದ್ವೀಪಗಳಲ್ಲಿ ನರಭಕ್ಷಕರೆಂದು ಕುಪ್ರಸಿದ್ಧರಾಗಿದ್ದವರ ನಡುವೆ ಅವನು ಸ್ನೇಹದಿಂದ ಓಡಾಡಿದನು. ಅವರ ಪಾಡಿನಲ್ಲಿ ತನ್ನ ನಾಡಿನ ಬೆಟ್ಟಸೀಮೆಯ ಕುಲಗಳ ಪಾಡನ್ನೇ ಕಂಡನು. ಮುಂದೆ ಫಕರಾವಾ ಹವಳದ್ವೀಪ, ಅನಂತರ ಟಹೀಟಿ.

ಟಹೀಟಿಯಲ್ಲಿ ಲೆಕ್ಕಾಚಾರ ತಪ್ಪಿತು. ಅವನು ಮತ್ತೆ ಹಾಸಿಗೆ ಹಿಡಿದನು. ಕೂವೆಮರ ಒಳಗೇ ಕೊಳೆತಿದ್ದುದು ಬೆಳಕಿಗೆ ಬಂದಿತು. ಹಡಗು ದುರಸ್ತಿಗೆ ಹೋಗಲು, ತೌತಿರಾ ಗ್ರಾಮದಲ್ಲಿ ವಾರಗಟ್ಟಲೆ ಕಾಯಬೇಕಾಯಿತು. ಕೈಯಲ್ಲಿದ್ದ ಹಣವೂ ದವಸವೂ ಮುಗಿಯುತ್ತ ಬಂದವು. ಆಗ ಓರಿ ಎಂಬ ನಾಯಕನು ತನ್ನ ಮನೆಯನ್ನೂ ಅನ್ನವನ್ನೂ ಅವರೊಡನೆ ಹಂಚಿಕೊಂಡನು. ಯಾವ ಕರಾರುಪತ್ರದಲ್ಲಿಯೂ ಬರೆದಿರದ ಆಸರೆ ಇದು. 1889ರ ಜನವರಿಯಲ್ಲಿ ಹೊನೊಲುಲು ಸೇರಿ ‘ಕಾಸ್ಕೊ’ವನ್ನು ಹಿಂದಿರುಗಿಸಿದರು.

ಸ್ಟೀವನ್‌ಸನ್ನನು ಯೂರೋಪಿಗೆ ಮರಳಲೇ ಇಲ್ಲ. ಸಮೋವಾ ದ್ವೀಪದ ವೈಲಿಮಾದಲ್ಲಿ ಮನೆ ಕಟ್ಟಿದನು. ಅಲ್ಲಿನ ಜನರ ಪರವಾಗಿ ನಿಂತು, ಪರಕೀಯ ಅಧಿಕಾರಗಳ ದುರ್ನೀತಿಯನ್ನು 1892ರಲ್ಲಿ ಒಂದು ಗ್ರಂಥದಲ್ಲಿಯೇ ಖಂಡಿಸಿದನು. ಸೆರೆಯಲ್ಲಿದ್ದಾಗ ತಮ್ಮನ್ನು ವಿಚಾರಿಸಿಕೊಂಡವನೆಂಬ ಕೃತಜ್ಞತೆಯಿಂದ ಸಮೋವಾದ ನಾಯಕರು 1894ರಲ್ಲಿ ಅವನ ಮನೆಗೆ ರಸ್ತೆ ಕಡಿದುಕೊಟ್ಟರು. ಅದೇ ಡಿಸೆಂಬರ್ 3ರಂದು ಮಿದುಳಿನ ರಕ್ತಸ್ರಾವದಿಂದ, 44ನೆಯ ವಯಸ್ಸಿನಲ್ಲಿ, ಅವನು ಮಡಿದನು. ಆ ಜನರೇ ಕಾಡು ಕಡಿದು ವಾಯಾ ಬೆಟ್ಟದ ತುದಿಗೆ ದಾರಿ ಮಾಡಿ ಅವನನ್ನು ಹೊತ್ತೊಯ್ದರು.

ತಂದೆಯ ಗಳಿಕೆಯನ್ನು ಅವನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಕಳೆದನೆನ್ನಬಹುದೆ? ಕೆಲವು ತಿಂಗಳ ಬಾಡಿಗೆ ಅವನಿಗೆ ಆರು ವರ್ಷಗಳಿಗೂ ಮಿಕ್ಕಿದ ಆಯುಷ್ಯವನ್ನೂ, ಅಷ್ಟು ವರ್ಷಗಳ ಬರವಣಿಗೆಯನ್ನೂ, ಹೆಗಲು ಕೊಡುವ ಜನರನ್ನೂ ದೊರಕಿಸಿತು. ಕಡಲ ಪಯಣಿಗರಿಗೆ ದೀಪ ಹಚ್ಚಿ ತಂದೆ ಗಳಿಸಿದ ಹಣ ಮಗನನ್ನೂ ದಡ ಸೇರಿಸಿತು.