ರಾಷ್ಟ್ರಗಳ ನಡುವೆ ಧರ್ಮವನ್ನು ಅರಸಿದ ಹ್ಯೂಗೋ ಗ್ರೋಷಿಯಸ್

ರಾಷ್ಟ್ರ ರಾಷ್ಟ್ರಗಳ ಪರಸ್ಪರ ಸಂಬಂಧವನ್ನು ವಿವೇಚಿಸುವ ಶಾಸ್ತ್ರದಲ್ಲಿ ಹಲವು ಪಂಥಗಳುಂಟು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಅಧ್ಯಾಪಕರಾಗಿದ್ದ ಮಾರ್ಟಿನ್ ವೈಟ್ ಅವುಗಳನ್ನು ಮೂರು ಪರಂಪರೆಗಳಾಗಿ ವಿಂಗಡಿಸಿದರು. ಬಲವೇ ಸಕಲವನ್ನೂ ನಿರ್ಣಯಿಸುವುದೆಂಬ ವಾಸ್ತವವಾದವು ಮೆಕಿಯವೆಲ್ಲಿಯ ಪರಂಪರೆ. ರಾಷ್ಟ್ರಗಳ ಗಡಿಗಳನ್ನು ಮೀರಿ ಮಾನವಕುಲವೆಲ್ಲ ಒಂದೇ ಸಮುದಾಯವಾಗಬೇಕೆಂಬುದು ಕಾಂಟನ ಪರಂಪರೆ. ಇವೆರಡರ ನಡುವೆ ಮೂರನೆಯದೊಂದಿದೆ. ಮೇಲೊಬ್ಬ ದೊರೆಯಿಲ್ಲದಿದ್ದರೂ ನಿಯಮಗಳಿಂದಲೂ ಕೊಟ್ಟ ಮಾತಿನ ನಿಷ್ಠೆಯಿಂದಲೂ ರಾಷ್ಟ್ರಗಳು ಒಂದು ಸಮಾಜವಾಗಿ ಬಾಳಬಲ್ಲವೆಂದು ಅದು ನಂಬುತ್ತದೆ. ಆ ಪರಂಪರೆ ಹೊತ್ತಿರುವ ಹೆಸರು ಹ್ಯೂಗೋ ಗ್ರೋಷಿಯಸ್.

ಗ್ರೋಷಿಯಸ್ 1583ರ ಏಪ್ರಿಲ್ 10ರಂದು ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಜನಿಸಿದನು. ಹನ್ನೊಂದನೆಯ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯವನ್ನು ಪ್ರವೇಶಿಸಿದ ಈ ಬಾಲಪ್ರತಿಭೆ, 1598ರಲ್ಲಿ ಹಾಲೆಂಡಿನ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟನ ನಿಯೋಗದೊಡನೆ ಫ್ರಾನ್ಸಿಗೆ ಹೋಗಿ, ಅಲ್ಲಿ ನ್ಯಾಯಶಾಸ್ತ್ರದ ಡಾಕ್ಟರೇಟ್ ಪಡೆದು ಮರಳಿದನು. ಮರುವರ್ಷವೇ ಹೇಗ್ ನಗರದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡನು.

1603ರಲ್ಲಿ ಡಚ್ಚರು ಸಿಂಗಪುರದ ಬಳಿ ಪೋರ್ಚುಗೀಸರ ಸಾಂತಾ ಕತರೀನಾ ಎಂಬ ಸರಕು ಹಡಗನ್ನು ಹಿಡಿದರು. ಈ ಕೃತ್ಯವನ್ನು ಸಮರ್ಥಿಸುವ ಹೊಣೆಯನ್ನು ಡಚ್ ಈಸ್ಟ್ ಇಂಡಿಯಾ ಕಂಪನಿಯು ತರುಣ ವಕೀಲನಿಗೆ ಒಪ್ಪಿಸಿತು. ಅವನು ಬರೆದ ದೊಡ್ಡ ಗ್ರಂಥವು ಹಸ್ತಪ್ರತಿಯಾಗಿಯೇ ಉಳಿದು, 1864ರಲ್ಲಿ ಬೆಳಕಿಗೆ ಬಂದಿತು. ಅದರ ಒಂದು ಅಧ್ಯಾಯ ಮಾತ್ರ 1609ರಲ್ಲಿ ಮುಕ್ತ ಸಮುದ್ರವೆಂಬ ಅರ್ಥದ ಲ್ಯಾಟಿನ್ ಹೆಸರಿನಲ್ಲಿ, ಕರ್ತೃವಿನ ಹೆಸರಿಲ್ಲದೆ ಪ್ರಕಟವಾಯಿತು. ಸಮುದ್ರವು ಯಾರೊಬ್ಬರ ಸ್ವತ್ತೂ ಅಲ್ಲ, ಅದರ ಮೇಲೆ ಸಂಚರಿಸುವ ಹಾಗೂ ವ್ಯಾಪಾರ ಮಾಡುವ ಹಕ್ಕು ಎಲ್ಲ ಜನಾಂಗಗಳಿಗೂ ಸಮನಾದುದು ಎಂಬುದು ಅದರ ಸಾರ. ಆದರೆ 1613ರಲ್ಲಿ ಇದೇ ಗ್ರೋಷಿಯಸ್ ಲಂಡನ್ನಿಗೆ ತೆರಳಿ, ಪೂರ್ವದೇಶದ ಅರಸರೊಡನೆ ಡಚ್ಚರು ಮಾಡಿಕೊಂಡಿದ್ದ ಏಕಸ್ವಾಮ್ಯದ ಒಪ್ಪಂದಗಳ ಪರವಾಗಿ ವಾದಿಸಿದನು. ಸ್ವಾತಂತ್ರ್ಯದ ಪ್ರತಿಪಾದಕನೂ ತನ್ನವರ ಹಿತದ ಮುಂದೆ ತೊಡರಿದನೆಂಬುದನ್ನು ಮರೆಮಾಚಬೇಕಾಗಿಲ್ಲ.

ಅಷ್ಟರಲ್ಲಿ ಹಾಲೆಂಡಿನಲ್ಲಿ ದೈವಸಂಕಲ್ಪ ಹಾಗೂ ಮಾನವಸಂಕಲ್ಪಗಳನ್ನು ಕುರಿತ ಮತೀಯ ಕಲಹವು ರಾಜಕೀಯ ಕಲಹವಾಗಿ ಹೊತ್ತಿಕೊಂಡಿತು. ಸಹನೆಯ ಪಕ್ಷದಲ್ಲಿ ನಿಂತ ಗ್ರೋಷಿಯಸ್ 1618ರಲ್ಲಿ ಬಂಧಿತನಾದನು. ಮರುವರ್ಷ ಓಲ್ಡನ್‌ಬಾರ್ನವೆಲ್ಟನ ಶಿರಚ್ಛೇದವಾಯಿತು. ಗ್ರೋಷಿಯಸ್ ಜೀವಾವಧಿ ಶಿಕ್ಷೆಗೆ ಗುರಿಯಾಗಿ ಲೂವೆಸ್ಟೈನ್ ಕೋಟೆಯ ಸೆರೆಯನ್ನು ಸೇರಿದನು.

ಆ ಸೆರೆಯನ್ನೇ ಅವನು ಅಧ್ಯಯನ ಮಂದಿರವನ್ನಾಗಿ ಮಾಡಿಕೊಂಡನು. ಪತ್ನಿ ಮರಿಯಾ ಅವನೊಡನೆ ಸೆರೆವಾಸವನ್ನು ಸ್ವೀಕರಿಸಿದಳು. ದೊಡ್ಡದೊಂದು ಪೆಟ್ಟಿಗೆಯಲ್ಲಿ ಹೊರಗಿನಿಂದ ಪುಸ್ತಕಗಳು ಬರುತ್ತಿದ್ದವು, ಓದಿದ ಬಳಿಕ ಹಿಂದಿರುಗುತ್ತಿದ್ದವು. ಮೊದಮೊದಲು ಪೆಟ್ಟಿಗೆಯನ್ನು ಶೋಧಿಸುತ್ತಿದ್ದ ಕಾವಲುಗಾರರು ಕ್ರಮೇಣ ಉದಾಸೀನರಾದರು. ಇದನ್ನು ಗಮನಿಸಿದ ಮರಿಯಾ 1621ರ ಮಾರ್ಚ್ 22ರಂದು ಪತಿಯನ್ನೇ ಅದರೊಳಗೆ ಮಲಗಿಸಿ ಬೀಗ ಹಾಕಿ, ತಾನು ಸೆರೆಯಲ್ಲೇ ಉಳಿದಳು. ಸೇವಕಿ ಎಲ್ಸಿಯೆ ಧೈರ್ಯಗೆಡದೆ ಪೆಟ್ಟಿಗೆಯೊಡನೆ ದೋಣಿಯಲ್ಲಿ ಸಾಗಿ, ಅದನ್ನು ಗೋರಿಂಕೆಮ್ ಪಟ್ಟಣದ ಮಿತ್ರರ ಮನೆಗೆ ಮುಟ್ಟಿಸಿದಳು. ಅಲ್ಲಿಂದ ಗ್ರೋಷಿಯಸ್ ಗಾರೆ ಕೆಲಸದವನ ವೇಷದಲ್ಲಿ ಗಡಿ ದಾಟಿ ಪ್ಯಾರಿಸ್ ಸೇರಿದನು. ಮರಿಯಾಳೂ ಕೆಲವು ದಿನಗಳಲ್ಲಿ ಬಿಡುಗಡೆ ಹೊಂದಿದಳು.

ಯುರೋಪಿನಲ್ಲಿ ಆಗ ಮೂವತ್ತು ವರ್ಷಗಳ ಯುದ್ಧವು ಧಗಧಗಿಸುತ್ತಿತ್ತು. ಕ್ಷುಲ್ಲಕ ಕಾರಣಗಳಿಗೆ ಆಯುಧವೆತ್ತುವ, ಎತ್ತಿದೊಡನೆ ಎಲ್ಲ ಕಟ್ಟಳೆಗಳನ್ನೂ ತೊರೆಯುವ ದೊರೆಗಳನ್ನು ಕಂಡು ನೊಂದ ಗ್ರೋಷಿಯಸ್, 1625ರಲ್ಲಿ ಯುದ್ಧ ಮತ್ತು ಶಾಂತಿಯ ನ್ಯಾಯವನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದನು. ಯುದ್ಧಕ್ಕೆ ನ್ಯಾಯವಾದ ಕಾರಣವಿರಬೇಕು. ಯುದ್ಧದ ನಡುವೆಯೂ ಸಂಯಮವಿರಬೇಕು. ಶತ್ರುವಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕು. ಮಾನವನ ವಿವೇಕ ಹಾಗೂ ಸಂಘಜೀವನದ ಪ್ರವೃತ್ತಿಯಿಂದ ಹುಟ್ಟಿದ ಈ ನ್ಯಾಯವು, ದೇವರಿಲ್ಲವೆಂದು ವಾದಕ್ಕಾಗಿ ಒಪ್ಪಿಕೊಂಡರೂ ನಿಲ್ಲಬಲ್ಲುದು ಎಂದು ಆಸ್ತಿಕನಾದ ಅವನೇ ಪ್ರತಿಪಾದಿಸಿದನು. ಗುಲಾಮಗಿರಿಯನ್ನು ಅವನು ತಿರಸ್ಕರಿಸಲಿಲ್ಲವೆಂಬುದು ಆ ಗ್ರಂಥದ ಮಿತಿ.

1631ರಲ್ಲಿ ತಾಯ್ನಾಡಿಗೆ ಮರಳಿದರೂ ನೆಲೆ ದೊರೆಯದೆ ಮರುವರ್ಷವೇ ಹೊರಡಬೇಕಾಯಿತು. ಮುಂದೆ ಸ್ವೀಡನ್ನಿನ ರಾಯಭಾರಿಯಾಗಿ ಪ್ಯಾರಿಸಿನಲ್ಲಿ ಹತ್ತು ವರ್ಷ ಸೇವೆ ಸಲ್ಲಿಸಿದನು. 1645ರಲ್ಲಿ ಸ್ವೀಡನ್ನಿನಿಂದ ಹಿಂದಿರುಗುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಬಳಲಿ ಕರೆ ಸೇರಿದ ಗ್ರೋಷಿಯಸ್ ಆಗಸ್ಟ್ 28ರಂದು ಜರ್ಮನಿಯ ರಾಸ್ಟಾಕ್ ಪಟ್ಟಣದಲ್ಲಿ ಕಣ್ಮುಚ್ಚಿದನು. ಬದುಕಿದ್ದಾಗ ಸ್ಥಳ ಕೊಡದ ನಾಡು ಅವನ ದೇಹಕ್ಕೆ ಡೆಲ್ಫ್ಟಿನ ಚರ್ಚಿನಲ್ಲಿ ಸಮಾಧಿಯ ಸ್ಥಳವನ್ನಿತ್ತಿತು. ಅವನು ಹಂಬಲಿಸಿದ ಶಾಂತಿಯು ವೆಸ್ಟ್‌ಫೇಲಿಯಾದಲ್ಲಿ ಏರ್ಪಟ್ಟದ್ದು ಮೂರು ವರ್ಷಗಳ ತರುವಾಯ, 1648ರಲ್ಲಿ.

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಡಂಬಡಿಕೆಯು ತೆರೆದ ಕಡಲಿನ ಸ್ವಾತಂತ್ರ್ಯವನ್ನು ಮಾನ್ಯಮಾಡಿದಾಗ ಗ್ರೋಷಿಯಸನ ಚಿಂತನೆಯೇ ಅದರ ಹಿಂದೆ ಇತ್ತು. ನಿಯಮಗಳನ್ನು ಬಲಿಷ್ಠರು ಮುರಿಯುವರೆಂಬುದನ್ನು ಅವನು ತನ್ನ ಬಾಳಿನಲ್ಲೇ ಕಂಡಿದ್ದನು. ಮುರಿದವನೂ ತನ್ನ ನಡತೆಗೆ ಕಾರಣ ಹೇಳಬೇಕಾದ ಲೋಕವೊಂದನ್ನು ಕಟ್ಟಲೆಳಸಿದ್ದೇ ಅವನ ಹಿರಿಮೆ. ಆ ಮಹಾಗ್ರಂಥವು ಲೋಕಕ್ಕೆ ದೊರೆತುದು ಪುಸ್ತಕದ ಪೆಟ್ಟಿಗೆಯೊಂದರಿಂದ, ಇಬ್ಬರು ಸ್ತ್ರೀಯರ ಧೈರ್ಯದಿಂದ. ವಿದ್ಯೆಗೆ ದುಡಿಯುವವರೂ ವಿದ್ಯೆಗೆ ನೀಡುವವರೂ ಇದನ್ನು ನೆನೆಯುವುದು ಉಚಿತ.