ಕಾಂತದ ಸುತ್ತ ಗೆರೆ ಕಂಡ ಮೈಕೆಲ್ ಫ್ಯಾರಡೆ



ಹೋದ ತಿಂಗಳು ವಿಜ್ಞಾನದ ಪಿರಿಯಡ್‌ನಲ್ಲಿ ಮೇಷ್ಟ್ರು ದಂಡಕಾಂತದ ಮೇಲೆ ಬಿಳಿ ಹಾಳೆ ಇಟ್ಟು, ಕಬ್ಬಿಣದ ಪುಡಿ ಉದುರಿಸಿ, ಬೆರಳಿನಿಂದ ಮೆಲ್ಲಗೆ ತಟ್ಟಿದ್ದು ನಿಮಗೆಲ್ಲ ನೆನಪಿದೆ ಅಲ್ವಾ? ಪುಡಿ ತಾನಾಗಿಯೇ ಬಿಲ್ಲಿನ ಹಾಗೆ ಬಾಗಿ ಗೆರೆ ಗೆರೆಯಾಗಿ ನಿಂತಿತು. ಇಂಥ ಗೆರೆಗಳನ್ನು ಹಿಂದಿನ ಕಾಲದಲ್ಲೂ ಜನ ನೋಡಿದ್ದರು. ಆದರೆ ಅದರ ಅರ್ಥ ಏನು ಅಂತ ಬಿಡದೆ ಹುಡುಕಿದವರು ಮೈಕೆಲ್ ಫ್ಯಾರಡೆ. ಅವರ ಕಥೆಯನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಯಾಕೆ ಬರೆದೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ.

ಫ್ಯಾರಡೆ ಅವರು 1791ನೇ ಇಸವಿ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಲಂಡನ್ ಪಟ್ಟಣದ ಹತ್ತಿರ ಹುಟ್ಟಿದರು. ತಂದೆ ಕಮ್ಮಾರರು. ಅವರಿಗೆ ಆಗಾಗ ಕಾಯಿಲೆ ಆಗುತ್ತಿದ್ದುದರಿಂದ ಕುಲುಮೆ ಕೆಲಸ ಸರಿಯಾಗಿ ನಡೆಯುತ್ತಿರಲಿಲ್ಲ. ಒಂದು ಸಲ ಮನೆಯಲ್ಲಿ ಎಷ್ಟು ಕಷ್ಟ ಬಂತೆಂದರೆ, ಹುಡುಗನಿಗೆ ಒಂದು ರೊಟ್ಟಿ ಕೊಟ್ಟು ಅದರಲ್ಲೇ ಒಂದು ವಾರ ಕಳೆಯಬೇಕಾಯಿತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಶಾಲೆಯಲ್ಲಿ ಕಲಿತದ್ದು. ನಮ್ಮದೇ ವಯಸ್ಸಿಗೆ, ಅಂದರೆ ಹದಿಮೂರಕ್ಕೆ, ಪುಸ್ತಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಮನೆ ಮನೆಗೆ ಪೇಪರ್ ಕೊಟ್ಟು ಬರೋದು, ಅವರು ಓದಿದ ಮೇಲೆ ವಾಪಸ್ ತರೋದು ಅವರ ಕೆಲಸ. ಆಗ ಪೇಪರ್ ಬಾಡಿಗೆಗೆ ಕೊಡುತ್ತಿದ್ದರಂತೆ!

ಮಾರನೇ ವರ್ಷ 1805ರಲ್ಲಿ ಅದೇ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಕಲಿಯತೊಡಗಿದರು. ಏಳು ವರ್ಷ ಆ ಕೆಲಸ ಮಾಡಿದರು. ಬೇರೆ ಹುಡುಗರು ಪುಸ್ತಕ ಹೊಲಿದು ಪಕ್ಕಕ್ಕಿಟ್ಟರೆ, ಇವರು ಹೊಲಿಯೋ ಪುಸ್ತಕವನ್ನೇ ಓದಿಬಿಡುತ್ತಿದ್ದರು. ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಓದಿ, ಉಳಿಸಿದ ಕಾಸಿನಲ್ಲಿ ಸಣ್ಣ ಸಣ್ಣ ಪ್ರಯೋಗ ಮಾಡಿದರು. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ದೊಡ್ಡ ವಿಜ್ಞಾನಿ ಹಂಫ್ರಿ ಡೇವಿ ಅವರ ಭಾಷಣ ಕೇಳಲು ಟಿಕೆಟ್ ಕೊಟ್ಟರು. ಫ್ಯಾರಡೆ ಕೇಳಿದ್ದನ್ನೆಲ್ಲ ಬರೆದುಕೊಂಡು, ಚಿತ್ರ ಬಿಡಿಸಿ, ಸುಮಾರು 300 ಪುಟದ ಪುಸ್ತಕ ಮಾಡಿ, ತಾವೇ ರಟ್ಟು ಹಾಕಿ ಡೇವಿ ಅವರಿಗೆ ಕಳಿಸಿದರು. 1813ರಲ್ಲಿ ಅಲ್ಲಿನ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. ಆ ಜಾಗ ಫ್ಯಾರಡೆ ಅವರಿಗೆ ಸಿಕ್ಕಿತು. ಆಮೇಲೆ ಡೇವಿ ಅವರ ಜೊತೆ ಯೂರೋಪ್ ಪ್ರವಾಸಕ್ಕೆ ಹೋದಾಗ ಡೇವಿ ಅವರ ಹೆಂಡತಿ ಇವರನ್ನು ಆಳಿನ ಹಾಗೆ ನೋಡಿಕೊಂಡರು. ಬೇಜಾರಾದರೂ ಇವರು ಕಲಿಯೋದು ಬಿಡಲಿಲ್ಲ.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡುಹಿಡಿದರು. ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದಲ್ಲಿರುವ ದಿಕ್ಸೂಚಿಯ ಮುಳ್ಳು ತಿರುಗುತ್ತದೆ! ಅಂದರೆ ವಿದ್ಯುತ್ ಹರಿಯುವ ತಂತಿಯ ಸುತ್ತಲೂ ಕಾಂತಶಕ್ತಿ ಇರುತ್ತದೆ. 1821ರಲ್ಲಿ ಫ್ಯಾರಡೆ ಪಾದರಸದ ಬಟ್ಟಲಲ್ಲಿ ಕಾಂತ ನಿಲ್ಲಿಸಿ, ಮೇಲಿನಿಂದ ತಂತಿ ಇಳಿಬಿಟ್ಟು ವಿದ್ಯುತ್ ಹರಿಸಿದರು. ತಂತಿ ಕಾಂತದ ಸುತ್ತ ಗಿರಗಿರ ತಿರುಗಿತು. ವಿದ್ಯುತ್ ಮೋಟಾರಿನ ಮೂಲ ಇದೇ. ಆದರೆ ಸಂತೋಷದ ಜೊತೆ ದುಃಖವೂ ಬಂತು. ವೊಲಾಸ್ಟನ್ ಎಂಬ ಇನ್ನೊಬ್ಬ ವಿಜ್ಞಾನಿಯೂ ತಂತಿ ತಿರುಗಿಸಲು ಯೋಚಿಸಿದ್ದರು. ಅವರ ಹೆಸರು ಹೇಳದೆ ಫ್ಯಾರಡೆ ಲೇಖನ ಅಚ್ಚು ಹಾಕಿಸಿದ್ದರಿಂದ, ಕದ್ದಿದ್ದಾನೆ ಅಂತ ಜನ ಆಡಿಕೊಂಡರು. ಫ್ಯಾರಡೆ ನೇರವಾಗಿ ಹೋಗಿ ವೊಲಾಸ್ಟನ್ ಅವರ ಜೊತೆ ಮಾತಾಡಿದರು. 1824ರಲ್ಲಿ ರಾಯಲ್ ಸೊಸೈಟಿಗೆ ಇವರನ್ನು ಆರಿಸುವಾಗ ಸ್ವಂತ ಗುರು ಡೇವಿ ಅವರೇ ವಿರೋಧ ಮಾಡಿದರು. ಆದರೂ ಆಯ್ಕೆಯಾದರು.

ವಿದ್ಯುತ್ತಿನಿಂದ ಕಾಂತಶಕ್ತಿ ಬರುವುದಾದರೆ ಕಾಂತದಿಂದ ವಿದ್ಯುತ್ ಯಾಕೆ ಬರಬಾರದು? ಈ ಪ್ರಶ್ನೆಗೆ ಉತ್ತರ ಸಿಗಲು ಹತ್ತು ವರ್ಷ ಬೇಕಾಯಿತು. 1831ರ ಅಕ್ಟೋಬರ್‌ನಲ್ಲಿ ತಾಮ್ರದ ತಂತಿಯ ಸುರುಳಿಯೊಳಗೆ ದಂಡಕಾಂತ ತೂರಿಸಿದರು. ತಂತಿಗೆ ಸೇರಿಸಿದ್ದ ಅಳತೆಯ ಮುಳ್ಳು ಟಪಕ್ಕನೆ ಆಡಿತು. ಕಾಂತ ಸುಮ್ಮನೆ ಇಟ್ಟರೆ ಮುಳ್ಳೂ ಸುಮ್ಮನಾಯಿತು. ಹೊರಗೆ ಎಳೆದರೆ ಆ ಕಡೆ ಆಡಿತು. ಗುಟ್ಟು ಗೊತ್ತಾಯಿತು: ಕಾಂತ ಇದ್ದರೆ ಸಾಲದು, ಅದು ಚಲಿಸಬೇಕು!

ಈಗ ಆ ಗೆರೆಗಳ ವಿಷಯ. ಪುಡಿಯ ಒಂದೊಂದು ಚೂರೂ ಕಾಂತದ ಹತ್ರ ಬಂದಾಗ ತಾನೇ ಪುಟ್ಟ ಕಾಂತ ಆಗುತ್ತದೆ. ಒಂದರ ಉತ್ತರ ಧ್ರುವಕ್ಕೆ ಇನ್ನೊಂದರ ದಕ್ಷಿಣ ಧ್ರುವ ಸೇರಿ ಸರಪಳಿ ಆಗುತ್ತದೆ. ಧ್ರುವದ ಹತ್ತಿರ ಗೆರೆ ಒತ್ತೊತ್ತಾಗಿದ್ದರೆ ಅಲ್ಲಿ ಬಲ ಜಾಸ್ತಿ, ದೂರದಲ್ಲಿ ವಿರಳವಾಗಿದ್ದರೆ ಬಲ ಕಡಿಮೆ. ಎರಡು ಗೆರೆ ಒಂದನ್ನೊಂದು ದಾಟುವುದಿಲ್ಲ. ಹಾಳೆ ಮೇಲೆ ಕಾಣೋದು ಸ್ವಲ್ಪ ಮಾತ್ರ, ನಿಜವಾಗಿ ಬಲ ಮೇಲೆ ಕೆಳಗೆ ಸುತ್ತಮುತ್ತ ಎಲ್ಲಾ ಕಡೆ ಹರಡಿರುತ್ತದೆ. ಆ ಜಾಗಕ್ಕೇ ಕಾಂತಕ್ಷೇತ್ರ ಎನ್ನುತ್ತಾರೆ. ಬರಿ ಖಾಲಿ ಅಂತ ನಾವು ಅಂದುಕೊಂಡ ಜಾಗ ಖಾಲಿ ಅಲ್ಲ ಎಂದು ಫ್ಯಾರಡೆ ಹೇಳಿದರು. 1851ರಲ್ಲಿ ಇಂಥ ಪುಡಿಯ ಚಿತ್ರಗಳನ್ನು ಕಾಗದಕ್ಕೆ ಅಂಟಿಸಿ ಕಾಪಾಡಿದರು.

ಆದರೆ ಫ್ಯಾರಡೆ ಅವರಿಗೆ ದೊಡ್ಡ ಗಣಿತ ಬರುತ್ತಿರಲಿಲ್ಲ. ಸೂತ್ರ ಇಲ್ಲದ ಈ ಮಾತನ್ನು ಅನೇಕ ಪಂಡಿತರು ನಂಬಲಿಲ್ಲ. ಆಮೇಲೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ತರುಣ ಆ ಗೆರೆಗಳನ್ನೇ ಗಣಿತದಲ್ಲಿ ಬರೆದು ತೋರಿಸಿದರು. ಆ ತರುಣ ಹುಟ್ಟಿದ್ದು 1831ರಲ್ಲಿ, ಕಾಂತದಿಂದ ವಿದ್ಯುತ್ ಬಂದ ವರ್ಷದಲ್ಲೇ! ಮುದುಕರಾಗಿದ್ದ ಫ್ಯಾರಡೆ ಅದನ್ನು ಓದಿ ಬಹಳ ಸಂತೋಷಪಟ್ಟರು. ಸರ್ ಎಂಬ ಬಿರುದು ಬೇಡ ಎಂದರು, ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿಯೂ ಬೇಡ ಎಂದರು. ಮಕ್ಕಳಿಗೆ ಕ್ರಿಸ್‌ಮಸ್ ಸಮಯದಲ್ಲಿ ವಿಜ್ಞಾನ ಹೇಳಿಕೊಡೋದು ಮಾತ್ರ ಅವರಿಗೆ ತುಂಬಾ ಇಷ್ಟ. 1867ರ ಆಗಸ್ಟ್ 25ರಂದು ತೀರಿಕೊಂಡರು.

ಅವರು ಕಂಡ ಗುಟ್ಟಿನಿಂದಲೇ ಜನರೇಟರ್ ಬಂತು. 1902ರಲ್ಲಿ ನಮ್ಮ ಕಾವೇರಿಯ ನೀರು ಶಿವನಸಮುದ್ರದಲ್ಲಿ ಯಂತ್ರ ತಿರುಗಿಸಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟದ್ದೂ ಹೀಗೆಯೇ.

ಈಗ ಯಾಕೆ ಬರೆದೆ ಅಂತ ಹೇಳುತ್ತೇನೆ. ಹೋದ ವರ್ಷ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಶಾಲೆ ಬಿಟ್ಟು ಸೈಕಲ್ ಶಾಪ್‌ನಲ್ಲಿ ಪಂಕ್ಚರ್ ಹಾಕುತ್ತಿದ್ದಾನೆ. ಮೊನ್ನೆ ಅವನು ಕೆಟ್ಟ ಡೈನಮೋ ಬಿಚ್ಚಿ ತೋರಿಸಿದ. ಒಳಗೆ ಒಂದು ಕಾಂತ, ಸುತ್ತ ತಾಮ್ರದ ತಂತಿ. ಚಕ್ರ ನಿಂತರೆ ಲೈಟ್ ಯಾಕೆ ಆರುತ್ತೆ ಅಂತ ಅವನೇ ನನ್ನನ್ನು ಕೇಳಿದ. ನನಗೆ ಆಗ ಉತ್ತರ ಬರಲಿಲ್ಲ. ಈಗ ಗೊತ್ತು, ಕಾಂತ ಚಲಿಸಬೇಕು. ಆ ಪ್ರಶ್ನೆ ಕ್ಲಾಸಿನಲ್ಲಿ ನಾವ್ಯಾರೂ ಕೇಳಿರಲಿಲ್ಲ.

ಮೇಷ್ಟ್ರೇ, ಈ ಸಲ ಪತ್ರಿಕೆಯನ್ನು ಗೇಟಿನ ಹತ್ತಿರದ ಗೋಡೆಗೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವನು ಆ ದಾರಿಯಲ್ಲೇ ಮನೆಗೆ ಹೋಗುತ್ತಾನೆ. ಅವನ ಜಾಗ ನನ್ನ ಪಕ್ಕದಲ್ಲಿ ಇನ್ನೂ ಖಾಲಿ ಇದೆ.

ಇಂತಿ,
7ನೇ ತರಗತಿ ವಿದ್ಯಾರ್ಥಿ